ಅಪ್ಪನಿಗೆ ಡಿಬಿಎಸ್ (ಮಿದುಳಿಗೆ ತಂತಿ ಇಡುವ) ಆಪರೇಷನ್ ಮಾಡಿಸಬೇಕಾ? ಮಾಡಿಸಿಕೊಂಡವರು ಇದ್ದರೆ ದಯವಿಟ್ಟು ಹೇಳಿ

ಮುಳ್ಳೇರಿಯದ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಸರಗೋಡು ಜಿಲ್ಲೆ, ಮುಳ್ಳೇರಿಯದ ಹತ್ತಿರ. ಸಣ್ಣ ಅಡಿಕೆ ತೋಟ ಇದೆ. ಅಪ್ಪನಿಗೆ ಈಗ 62. ಪಾರ್ಕಿನ್ಸನ್ಸ್, ಅಂದರೆ ನಡುಕದ ಕಾಯಿಲೆ, ಅಂತ ಗೊತ್ತಾಗಿ ಒಂಬತ್ತು ವರ್ಷ ಆಯಿತು.

ನಮಗೆ ಮೊದಲು ಕಂಡದ್ದು ನಡುಕ ಅಲ್ಲ, ಅಕ್ಷರ. ಅಪ್ಪ ಅಡಿಕೆಯ ಲೆಕ್ಕವನ್ನೆಲ್ಲ ಒಂದು ಉದ್ದ ಪುಸ್ತಕದಲ್ಲಿ ಬರೆಯುತ್ತಾರೆ. ಎಷ್ಟು ಕಿಲೋ ಸುಲಿದದ್ದು, ಕ್ಯಾಂಪ್ಕೋಗೆ ಎಷ್ಟು ಹೋಯಿತು, ಯಾರಿಗೆ ಎಷ್ಟು ಕೂಲಿ ಅಂತ. ಸಾಲಿನ ಶುರುವಿನಲ್ಲಿ ಅಕ್ಷರ ಸರಿ ಇರುತ್ತಿತ್ತು. ಸಾಲು ಮುಗಿಯುವಾಗ ಸಾಸಿವೆಯಷ್ಟು ಸಣ್ಣ. ಕನ್ನಡಕ ಬದಲಿಸಿ ಅಪ್ಪ ಅಂದೆ. ಬದಲಿಸಿದರು. ಅಕ್ಷರ ಇನ್ನೂ ಸಣ್ಣದಾಯಿತು. ಆಮೇಲೆ ಬಲಗೈ ನಡುಗಲು ಶುರುವಾಯಿತು, ಮಂಗಳೂರಿಗೆ ಕರೆದುಕೊಂಡು ಹೋದೆವು.

ಮೊದಲ ಐದು ವರ್ಷ ಸಿಂಡೋಪಾ ಮಾತ್ರೆ ದಿನಕ್ಕೆ ಮೂರು ಹೊತ್ತು, ಅಷ್ಟರಲ್ಲೇ ಚೆನ್ನಾಗಿದ್ದರು. ತೋಟಕ್ಕೆ ಮದ್ದು ಬಿಡುವಾಗ ಜೊತೆಗೆ ನಿಲ್ಲುತ್ತಿದ್ದರು. ಈಗ ದಿನಕ್ಕೆ ಆರು ಹೊತ್ತು. ಮಾತ್ರೆ ನುಂಗಿ ಮುಕ್ಕಾಲು ಗಂಟೆ ಆದ ಮೇಲೆ ಬಿಗಿದ ಮೈ ಬಿಡುತ್ತದೆ. ಎರಡು ಗಂಟೆ ಇರುತ್ತದೆ. ಮತ್ತೆ ಕರೆಂಟು ಹೋದ ಹಾಗೆ ಹೋಗುತ್ತದೆ. ಆ ಎರಡು ಗಂಟೆಯಲ್ಲೂ ನಡುವೆ ಕುತ್ತಿಗೆ, ಕೈ ಎಲ್ಲ ಬಳುಕುತ್ತಾ ಇರುತ್ತದೆ. ನೋಡಿದವರು ಅದನ್ನೇ ಕಾಯಿಲೆ ಅಂದುಕೊಳ್ಳುತ್ತಾರೆ. ಅದು ಮಾತ್ರೆ ಜಾಸ್ತಿಯಾದದ್ದರ ಗುರುತು ಅಂತ ಡಾಕ್ಟರು ಹೇಳಿದ ಮೇಲೆ ನಮಗೂ ಗೊತ್ತಾದದ್ದು. ಬೆಳಗಿನ ಜಾವ ನಾಲ್ಕು ಗಂಟೆಗೆ ಮಗ್ಗುಲು ಬದಲಿಸಲು ಆಗುವುದಿಲ್ಲ. ಅಮ್ಮ ಎದ್ದು ತಿರುಗಿಸಿ ಮಲಗಿಸುತ್ತಾರೆ. ಹೋದ ವಾರ ಬಚ್ಚಲು ಮನೆಯ ಹೊಸ್ತಿಲಲ್ಲಿ ಕಾಲು ಅಂಟಿಕೊಂಡು ಇಪ್ಪತ್ತು ನಿಮಿಷ ನಿಂತಿದ್ದರಂತೆ. ಕರೆದಿದ್ದಾರೆ, ಆದರೆ ಸ್ವರ ನಮಗೆ ಕೇಳಿಸಲಿಲ್ಲ.

ಮಂಗಳೂರಿನ ಡಾಕ್ಟರು ಈಗ ಡಿಬಿಎಸ್ ಬಗ್ಗೆ ಯೋಚನೆ ಮಾಡಿ ಅಂದಿದ್ದಾರೆ. ಮಿದುಳಿನ ಒಳಗೆ ತಂತಿ ಇಟ್ಟು ಕರೆಂಟು ಕೊಡುವುದು ಅಂತ. ಬೆಂಗಳೂರಿನ ನಿಮ್ಹಾನ್ಸ್ ಆಗಬಹುದು, ತಿರುವನಂತಪುರದ ಶ್ರೀ ಚಿತ್ರಾ ಆಗಬಹುದು, ಯೋಚಿಸಿ ಹೇಳಿ ಅಂದರು. ಖರ್ಚು ಹತ್ತು ಲಕ್ಷದ ಮೇಲೆ ಹೋಗಬಹುದು ಅಂತಲೂ ಹೇಳಿದರು.

ಅಮ್ಮನಿಗೆ ತುಂಬಾ ಭಯ. ಮಿದುಳನ್ನು ಸುಡುತ್ತಾರೆ, ಆಮೇಲೆ ನಮ್ಮ ಗುರುತೇ ಇರುವುದಿಲ್ಲ ಅಂತ ಯಾರೋ ಹೇಳಿದ್ದಾರೆ. ಮಾವನ ಮನೆಯವರು ನಸುಗುನ್ನಿ ಬೀಜದ ಪುಡಿ ಕೊಡಿ, ಆಪರೇಷನ್ ಯಾಕೆ ಅನ್ನುತ್ತಿದ್ದಾರೆ. ನನಗೆ ಯಾರ ಮಾತು ಕೇಳಬೇಕು ಅಂತ ಗೊತ್ತಾಗುತ್ತಿಲ್ಲ. ಅಪ್ಪ ಕಲಿತದ್ದೆಲ್ಲ ಕನ್ನಡದಲ್ಲಿ. ಬಸ್ಸಿಗೆ, ಅಂಗಡಿಗೆ ಸಾಕಾಗುವಷ್ಟು ಮಲಯಾಳಂ ಬರುತ್ತದೆ, ಅಷ್ಟೇ. ಅದೂ ಒಂದು ಚಿಂತೆ.

ಅಪ್ಪನನ್ನೇ ಕೇಳಿದೆ. "ಮಗಾ, ನನಗೆ ಓಡಬೇಕು ಅಂತ ಇಲ್ಲ. ಬೆಳಿಗ್ಗೆ ಎದ್ದು ನನ್ನ ಪಂಚೆ ನಾನೇ ಉಟ್ಟುಕೊಂಡರೆ ಸಾಕು" ಅಂದರು. ಇದು ಈ ಆಪರೇಷನ್‌ನಿಂದ ಆಗುವ ಕೆಲಸವಾ? ಮಾಡಿಸಿಕೊಂಡವರು, ಹತ್ತಿರದಿಂದ ನೋಡಿದವರು ಯಾರಾದರೂ ಇದ್ದರೆ ಹೇಳಿ.

ಕುಂಬಳೆ ಮಾಷ್ಟ್ರು

ತಂಗಿ, ನಾನು ಮಾಡಿಸಿಕೊಂಡವನು. ಕುಂಬಳೆ ಕಡೆಯ ಕನ್ನಡ ಶಾಲೆಯಲ್ಲಿ ಮಾಷ್ಟ್ರಾಗಿದ್ದೆ. ರೋಗ ಗೊತ್ತಾದದ್ದು 2012ರಲ್ಲಿ, ಆಪರೇಷನ್ ಆದದ್ದು 2019ರ ಜನವರಿಯಲ್ಲಿ. ನಿಮ್ಮ ಅಪ್ಪನ ಲೆಕ್ಕದ ಪುಸ್ತಕದ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನನಗೂ ಅಕ್ಷರದಲ್ಲೇ ಶುರು, ಕರಿಹಲಗೆಯ ಮೇಲೆ. ಹಿಂದಿನ ಬೆಂಚಿನ ಮಕ್ಕಳು "ಕಾಣುವುದಿಲ್ಲ ಮಾಷ್ಟ್ರೇ" ಅಂತ ಎದ್ದು ಮುಂದೆ ಬರುತ್ತಿದ್ದರು.

ಮೊದಲು ಅಮ್ಮನ ಭಯದ ವಿಷಯ. ಸುಡುವ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅದು ಹಳೆಯ ಆಪರೇಷನ್‌ನ ಮಾತು. ಹಿಂದೆ ನಡುಕ ನಿಲ್ಲಿಸಲು ಮಿದುಳಿನ ಆಳದ ಒಂದು ಚುಕ್ಕೆಯನ್ನು ನಿಜವಾಗಿಯೂ ಸುಡುತ್ತಿದ್ದರು. ಸುಡುವ ಮೊದಲು ಜಾಗ ಸರಿಯಾ ಅಂತ ನೋಡಲು ಸಣ್ಣ ಕರೆಂಟು ಕೊಟ್ಟು ಪರೀಕ್ಷಿಸುತ್ತಿದ್ದರು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಬಿಡ್ ಅನ್ನುವ ಡಾಕ್ಟರು ಹಾಗೆ ಪರೀಕ್ಷಿಸುವಾಗ ಒಂದು ಸಂಗತಿ ಕಂಡರು. ಸೆಕೆಂಡಿಗೆ ನೂರರಷ್ಟು ಸಲ ಮಿಡಿಯುವ ಕರೆಂಟು ಕೊಟ್ಟರೆ, ಸುಡದೆಯೇ ನಡುಕ ನಿಲ್ಲುತ್ತದೆ. ತೆಗೆದರೆ ಮತ್ತೆ ಬರುತ್ತದೆ. ಹಾಗಾದರೆ ಸುಡುವುದು ಯಾಕೆ, ತಂತಿಯನ್ನು ಒಳಗೇ ಬಿಟ್ಟರೆ ಆಯಿತಲ್ವಾ? ಇದು 1987ರ ಕಥೆ. ಈಗ ಮಾಡುವುದು ಆ ತಂತಿ ಬಿಡುವ ಆಪರೇಷನ್. ತಂತಿ ಒಂದು ಮಿಲಿಮೀಟರಿಗಿಂತ ಸ್ವಲ್ಪ ದಪ್ಪ. ಬೇಡ ಅನಿಸಿದರೆ ಕರೆಂಟು ನಿಲ್ಲಿಸಬಹುದು, ಸಾಧನವನ್ನು ತೆಗೆಯಲೂಬಹುದು. ಇದನ್ನು ಅಮ್ಮನಿಗೆ ನಿಧಾನವಾಗಿ ಹೇಳಿ.

ಹಾಗಂತ ಅಪಾಯ ಇಲ್ಲವೇ ಇಲ್ಲ ಅಂತಲ್ಲ. ತಂತಿ ಇಳಿಸುವಾಗ ಒಳಗೆ ರಕ್ತಸ್ರಾವ ಆಗಬಹುದು. ನನಗೆ ಡಾಕ್ಟರು ಹೇಳಿದ್ದು ನೂರಕ್ಕೆ ಒಂದೆರಡು ಜನರಲ್ಲಿ ಅಂತ. ಸೋಂಕು ತಗಲಬಹುದು, ತಗಲಿದರೆ ಸಾಧನ ತೆಗೆಯಬೇಕಾಗಿ ಬರಬಹುದು. ಇದನ್ನು ಅಮ್ಮನಿಂದ ಮುಚ್ಚಿಡಬೇಡಿ.

ನನ್ನ ಆಪರೇಷನ್ ಕೇರಳದಲ್ಲೇ ಆಯಿತು, ಊರಿಂದ ಒಂದು ರಾತ್ರಿಯ ರೈಲಿನಷ್ಟು ದೂರದಲ್ಲಿ. ಹಿಂದಿನ ರಾತ್ರಿಯಿಂದಲೇ ಮಾತ್ರೆ ಬಂದ್. ಬೆಳಿಗ್ಗೆ ತಲೆಗೆ ಒಂದು ಲೋಹದ ಚೌಕಟ್ಟು ಬಿಗಿದರು, ನಾಲ್ಕು ಸ್ಕ್ರೂ. ಸ್ಕ್ರೂ ಹಾಕುವ ಜಾಗಕ್ಕೆ ಸೂಜಿಮದ್ದು ಕೊಟ್ಟಿರುತ್ತಾರೆ, ಆದರೂ ಅದು ಹಿಡಿಯುವ ಬಿಗಿ ಗೊತ್ತಾಗುತ್ತದೆ. ನನಗೆ ಇಡೀ ದಿನದಲ್ಲಿ ಕಷ್ಟ ಅನಿಸಿದ್ದು ಅದೊಂದೇ. ಆಮೇಲೆ ಸ್ಕ್ಯಾನ್, ಆಮೇಲೆ ಥಿಯೇಟರ್. ತಲೆಬುರುಡೆಗೆ ರಂಧ್ರ ಮಾಡುವಾಗ ಶಬ್ದ ತುಂಬಾ ಇತ್ತು, ನೋವು ಇರಲಿಲ್ಲ. ಮಿದುಳಿಗೆ ನೋವಿನ ಅರಿವೇ ಇಲ್ಲವಂತೆ. ನಾನು ಎಚ್ಚರವಾಗಿಯೇ ಇದ್ದೆ. ಈಗ ಕೆಲವು ಕಡೆ ಪೂರ್ತಿ ಮಲಗಿಸಿಯೂ ಮಾಡುತ್ತಾರೆ.

ಅವರು ಹುಡುಕುವುದು ಸಬ್‌ಥಾಲಮಿಕ್ ನ್ಯೂಕ್ಲಿಯಸ್ ಅನ್ನುವ ಜಾಗವನ್ನು. ಎಡಕ್ಕೊಂದು, ಬಲಕ್ಕೊಂದು. ಅಲಸಂಡೆ ಬೀಜದಷ್ಟೇ ಇರುವುದು. ಕೂದಲಿನಂಥ ಸೂಜಿ ಇಳಿಸುತ್ತಾ ಹೋಗುತ್ತಾರೆ, ನರಕೋಶಗಳ ಮಿಡಿತ ಸ್ಪೀಕರಿನಲ್ಲಿ ಕೇಳುತ್ತದೆ. ಮೊದಲು ಅಲ್ಲೊಂದು ಇಲ್ಲೊಂದು ಚಟಪಟ. ಸೋಗೆ ಮಾಡಿನ ಮೇಲೆ ಮಳೆಯ ಮೊದಲ ಹನಿ ಬಿದ್ದ ಹಾಗೆ. ಇನ್ನೂ ಸ್ವಲ್ಪ ಕೆಳಗೆ ಹೋದಾಗ ಒಮ್ಮೆಲೇ ದೊಡ್ಡ ಮಳೆ ಹಿಡಿಯಿತು. ಡಾಕ್ಟರು "ಸಿಕ್ಕಿತು" ಅಂದರು.

ಆಮೇಲೆ ಪರೀಕ್ಷೆಯ ಕರೆಂಟು. ಒಬ್ಬರು ನನ್ನ ಮಣಿಕಟ್ಟು ಹಿಡಿದು ಆಡಿಸುತ್ತಿದ್ದರು. ಬಿಗಿತ ಇಳಿಯುವುದು ಅವರಿಗಿಂತ ಮೊದಲು ನನಗೆ ಗೊತ್ತಾಯಿತು. ಎಷ್ಟೋ ವರ್ಷದ ಮೇಲೆ ನನ್ನ ಬಲಗೈ ನನ್ನದಾಗಿತ್ತು. ಮಾತು ಸರಿ ಇದೆಯಾ ಅಂತ ನೋಡಲು ತಿಂಗಳುಗಳ ಹೆಸರು ಹೇಳಿ ಅಂದರು, ಮಲಯಾಳಂನಲ್ಲಿ. ಚಿಂಗಂ, ಕನ್ನಿ, ತುಲಾಂ, ಅಷ್ಟಕ್ಕೆ ನಿಂತೆ. ಕರೆಂಟಿನಿಂದ ನಿಂತದ್ದಲ್ಲ, ಮುಂದೆ ನೆನಪಾಗಲಿಲ್ಲ. ಅವರು ಗಾಬರಿಯಾದರು. ನಾನು ಕನ್ನಡದವನು, ಮಗ್ಗಿ ಹೇಳುತ್ತೇನೆ ಅಂದೆ. ಹದಿನೇಳರ ಮಗ್ಗಿ ಶುರು ಮಾಡಿದೆ. ಅವರು ಕರೆಂಟು ಏರಿಸುತ್ತಾ ಹೋದರು. ಹದಿನೇಳ್ ಆರ್ಲೆ ನೂರಾ ಎರಡು ಅನ್ನುವಾಗ ನಾಲಗೆ ದಪ್ಪವಾಯಿತು, ಬಾಯಿಯ ಒಂದು ಬದಿ ಎಳೆಯಿತು. ಮಗ್ಗಿಯ ಭಾಷೆ ಗೊತ್ತಿಲ್ಲದಿದ್ದರೂ ಆ ವ್ಯತ್ಯಾಸ ಅವರಿಗೆ ಸ್ಪಷ್ಟವಾಗಿ ಕೇಳಿಸಿತು. ಕರೆಂಟು ಪಕ್ಕದ ನರಗಳಿಗೆ ಹರಡಿತು ಅಂತ ಅದರ ಅರ್ಥ. ಇಳಿಸಿದರು, ಮಾತು ತಿಳಿಯಾಯಿತು. ಆಮೇಲೆ ಮಲಗಿಸಿ, ಕಾಲರ್ ಮೂಳೆಯ ಕೆಳಗೆ ಚರ್ಮದ ಒಳಗೆ ಬ್ಯಾಟರಿ ಇಟ್ಟರು. ಅಲ್ಲಿಂದ ಕಿವಿಯ ಹಿಂದಿನಿಂದ ತಲೆಗೆ ತಂತಿ.

ಈಗ ಮುಖ್ಯ ವಿಷಯ. ಇದನ್ನು ನನಗೆ ಮೊದಲು ಯಾರೂ ಒತ್ತಿ ಹೇಳಿರಲಿಲ್ಲ. ಆಪರೇಷನ್ ಒಂದು ದಿನದ ಕೆಲಸ. ಕರೆಂಟು ಹೊಂದಿಸುವುದು ತಿಂಗಳುಗಟ್ಟಲೆ ಕೆಲಸ. ಆ ಕೆಲಸ ನಡೆಯುವುದು ರೋಗಿಯ ಬಾಯಿಯ ಮಾತಿನಿಂದ.

ಆಪರೇಷನ್ ಆದ ಮೊದಲ ದಿನಗಳಲ್ಲಿ, ಇನ್ನೂ ಕರೆಂಟು ಹಾಕುವ ಮೊದಲೇ ನನಗೆ ತುಂಬಾ ಹಗುರ ಅನಿಸಿತ್ತು. ತಂತಿ ಇಳಿದ ಜಾಗ ಊದಿಕೊಂಡು ಆಗುವ ಪರಿಣಾಮ ಅದು. ಎರಡು ಮೂರು ವಾರದಲ್ಲಿ ಇಳಿಯುತ್ತದೆ, ನಡುಕ ಮತ್ತೆ ಬರುತ್ತದೆ. ನನ್ನ ಹೆಂಡತಿ ಆಗ ತುಂಬಾ ಅತ್ತಳು, ಎಲ್ಲ ಹಾಳಾಯಿತು ಅಂತ. ಹಾಳಾಗಿರಲಿಲ್ಲ. ಕರೆಂಟು ಹಾಕುವುದು ಆಮೇಲೆಯೇ. ತಂತಿಯ ತುದಿಯಲ್ಲಿ ನಾಲ್ಕು ಬಿಂದು. ಒಂದೊಂದಕ್ಕೂ ಸ್ವಲ್ಪ ಸ್ವಲ್ಪ ಏರಿಸಿ ಏನಾಗುತ್ತದೆ ಅಂತ ಕೇಳುತ್ತಾರೆ. ನನ್ನದು ಸೆಕೆಂಡಿಗೆ 130 ಮಿಡಿತ, ಸಾಮಾನ್ಯವಾಗಿ ಅಲ್ಲಿಂದಲೇ ಶುರು ಮಾಡುವುದಂತೆ.

ಎರಡನೇ ಸಲ ಹೋದಾಗ "ತರಿಪ್ಪುಂಡೋ?" ಅಂತ ಕೇಳಿದರು. ತರಚಿದ ಹಾಗೆ ಉರಿಯುತ್ತದಾ ಅಂತ ಕೇಳುತ್ತಿದ್ದಾರೆ ಅಂದುಕೊಂಡೆ. ಇಲ್ಲ ಅಂದೆ. ನಿಜಕ್ಕೂ ಅವರು ಕೇಳಿದ್ದು ಜುಮುಜುಮು ಅನಿಸುತ್ತದಾ ಅಂತ. ಅನಿಸುತ್ತಿತ್ತು, ಕೈತುಂಬ ಇರುವೆ ಹರಿದ ಹಾಗೆ! ಕೇಳದ್ದನ್ನು ಯಾಕೆ ಹೇಳಲಿ ಅಂತ ನಾನೂ ಸುಮ್ಮನಿದ್ದೆ. ಅವರು ಅದೇ ಬಿಂದುವಿನಲ್ಲಿ ಇನ್ನೂ ಏರಿಸಿ ಕಳಿಸಿದರು. ರೈಲಿನಲ್ಲಿ ರಾತ್ರಿಯಿಡೀ ನಿದ್ದೆ ಇಲ್ಲ. ಇದು ಯಾರ ತಪ್ಪೂ ಅಲ್ಲ. ಮಲಯಾಳಂನಲ್ಲಿ ನಾನು ಸಂತೆಗೆ ಹೋಗಬಲ್ಲೆ, ಮೀಟಿಂಗಿನಲ್ಲಿ ಮಾತಾಡಬಲ್ಲೆ. ಮೈಯ ಒಳಗೆ ಆಗುವುದನ್ನು ಹೇಳುವ ಮಾತು ಬೇರೆ. ಮುಂದಿನ ಸಲ ಪಯ್ಯನ್ನೂರಿನ ಕಡೆಯ ಒಬ್ಬ ನರ್ಸಮ್ಮ ಸಿಕ್ಕಿದರು, ಅವರಿಗೆ ತುಳು ಬರುತ್ತಿತ್ತು. ಅವರು ಪಕ್ಕದಲ್ಲಿ ನಿಂತು ಹೇಳಿದ ದಿನವೇ ನನ್ನ ಕರೆಂಟು ಸರಿಯಾಗಿ ಕೂತಿತು.

ಅದಕ್ಕೇ ಹೇಳುತ್ತೇನೆ, ಬೆಂಗಳೂರು, ತಿರುವನಂತಪುರ ಎರಡೂ ಕಡೆ ಈ ಕೆಲಸ ಬಲ್ಲವರು ಇದ್ದಾರೆ. ನೀವು ನೋಡಬೇಕಾದದ್ದು ಎರಡೇ. ವರ್ಷಕ್ಕೆ ಆರೇಳು ಸಲ ಅಪ್ಪನನ್ನು ಎಲ್ಲಿಗೆ ಕರೆದುಕೊಂಡು ಹೋಗಲು ಆಗುತ್ತದೆ? ಅಪ್ಪನಿಗೆ ಎಲ್ಲಿ ತನ್ನ ಮಾತಿನಲ್ಲಿ ಹೇಳಲು ಆಗುತ್ತದೆ? ಆಪರೇಷನ್‌ಗೆ ಮೊದಲು ನೆನಪಿನ ಪರೀಕ್ಷೆ ಇರುತ್ತದೆ, ಅದು ಬಹುಪಾಲು ಭಾಷೆಯ ಮೇಲೆ ನಿಂತದ್ದು. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ ಅಂತ ಕೇಳುತ್ತಾರೆ. ಬಾರದ ಭಾಷೆಯಲ್ಲಿ ಕೇಳಿದರೆ ಸರಿ ಇರುವ ನೆನಪೂ ಕಡಿಮೆ ಕಾಣುತ್ತದೆ. ಕನ್ನಡದಲ್ಲೇ ಮಾಡಿ ಅಂತ ಧೈರ್ಯವಾಗಿ ಕೇಳಿ.

ಪಂಚೆಯ ವಿಷಯ. ಹೌದು, ಅದು ಆಗುವ ಕೆಲಸ. ಈಗ ನನ್ನ ಪಂಚೆ ನಾನೇ ಉಡುತ್ತೇನೆ, ಮಗ್ಗುಲು ನಾನೇ ಬದಲಿಸುತ್ತೇನೆ. ಮಾತ್ರೆ ಅರ್ಧಕ್ಕೆ ಇಳಿದಿದೆ, ಬಳುಕಾಟ ನಿಂತಿದೆ. ಆದರೆ ಒಂದು ಮಾತು ನೆನಪಿಡಿ. ಮಾತ್ರೆ ಚೆನ್ನಾಗಿ ಹಿಡಿದ ಗಂಟೆಯಲ್ಲಿ ಅಪ್ಪ ಏನೇನು ಮಾಡಬಲ್ಲರೋ, ಡಿಬಿಎಸ್ ಅದನ್ನೇ ದಿನಕ್ಕೆ ಜಾಸ್ತಿ ಗಂಟೆ ಕೊಡುತ್ತದೆ. ಅದಕ್ಕಿಂತ ಒಳ್ಳೆಯ ಗಂಟೆ ಕೊಡುವುದಿಲ್ಲ. ನಡುಕದ ವಿಷಯ ಮಾತ್ರ ಬೇರೆ, ಮಾತ್ರೆಗೆ ನಿಲ್ಲದ ನಡುಕವೂ ಇದಕ್ಕೆ ನಿಲ್ಲಬಹುದು. ಮಾತ್ರೆ ಹಿಡಿದಾಗಲೂ ಅಪ್ಪ ವಾಲುತ್ತಾರಾ? ಆಗಲೂ ಸ್ವರ ಸಣ್ಣದಾ? ಹಾಗಿದ್ದರೆ ಅದು ಸರಿಯಾಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ನನ್ನ ಸ್ವರ ಆಪರೇಷನ್ ಆದ ಮೇಲೆ ಇನ್ನೂ ತಗ್ಗಿದೆ. ಮೂವತ್ತು ವರ್ಷ ಪಾಠ ಮಾಡಿದ ಸ್ವರ, ಅದರ ನೋವು ಇದೆ. ಮೊದಲ ವರ್ಷ ಸಣ್ಣ ಸಣ್ಣದಕ್ಕೂ ಸಿಟ್ಟು ಬರುತ್ತಿತ್ತು, ಆರು ಕಿಲೋ ತೂಕ ಹೆಚ್ಚಿತು. ಮನಸ್ಸಿನ ಬದಲಾವಣೆಯನ್ನು ಮನೆಯವರೇ ಮೊದಲು ಗಮನಿಸುವುದು. ಕಂಡರೆ ಡಾಕ್ಟರಿಗೆ ಹೇಳಿ, ಕರೆಂಟು ಬದಲಿಸಿದರೆ ಎಷ್ಟೋ ಸಲ ಸರಿಯಾಗುತ್ತದೆ.

ಇನ್ನು ಬ್ಯಾಟರಿ. ರೀಚಾರ್ಜ್ ಆಗದ ಬ್ಯಾಟರಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ನನ್ನದನ್ನು 2023ರಲ್ಲಿ ಬದಲಿಸಿದರು. ಸಣ್ಣ ಆಪರೇಷನ್, ತಲೆಗೆ ಕೈ ಹಾಕುವುದಿಲ್ಲ. ಆದರೆ ಖರ್ಚಿನ ದೊಡ್ಡ ಪಾಲು ಸಾಧನದ್ದೇ, ಹಾಗಾಗಿ ಆ ಹಣವನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ. ರೀಚಾರ್ಜ್ ಆಗುವುದು ಹತ್ತು ಹದಿನೈದು ವರ್ಷ ಬರುತ್ತದೆ, ಮೊದಲ ಬೆಲೆ ಜಾಸ್ತಿ. 2020ರ ಲಾಕ್‌ಡೌನಿನಲ್ಲಿ ರೈಲೂ ಇಲ್ಲ, ಕರ್ನಾಟಕದ ಗಡಿ ತಲಪಾಡಿ ದಾಟುವ ಹಾಗೂ ಇಲ್ಲ. ಆಗ ನನ್ನ ಕೈಯಲ್ಲಿದ್ದ ಸಣ್ಣ ರಿಮೋಟೇ ಗತಿಯಾಯಿತು. ಡಾಕ್ಟರು ಹಾಕಿಕೊಟ್ಟ ಮಿತಿಯ ಒಳಗೆ ನಾವೇ ಸ್ವಲ್ಪ ಏರಿಸಿ ಇಳಿಸಬಹುದು. ಫೋನಿನಲ್ಲಿ ಕೇಳಿ ಕೇಳಿ ಮಾಡಿದೆ. ರಿಮೋಟ್ ಬಳಸುವುದನ್ನು ಮನೆಯಲ್ಲಿ ಇಬ್ಬರಾದರೂ ಕಲಿತಿರಲಿ.

ಉಪ್ಪಳದ ಸೊಸೆ

ಮಾಷ್ಟ್ರು ಬರೆದದ್ದನ್ನು ಎರಡು ಸಲ ಓದಿದೆ. ನನ್ನದು ಬೇರೆ ಅನುಭವ, ಅದನ್ನೂ ಹೇಳಬೇಕು ಅನಿಸಿತು.

ನಮ್ಮ ಮಾವನಿಗೆ ಪಾರ್ಕಿನ್ಸನ್ಸ್ ಅಂತಲೇ ಮದ್ದು ನಡೆಯುತ್ತಿತ್ತು. ಆದರೆ ಮೊದಲ ವರ್ಷದಿಂದಲೇ ಬೀಳುತ್ತಿದ್ದರು, ಹಿಂದಕ್ಕೆ. ಮೆಟ್ಟಿಲು ಇಳಿಯುವಾಗ ಕಣ್ಣು ಕೆಳಗೆ ಹೋಗುತ್ತಿರಲಿಲ್ಲ, ಊಟದ ತಟ್ಟೆಯೂ ಸರಿಯಾಗಿ ಕಾಣುತ್ತಿರಲಿಲ್ಲ. ಸಿಂಡೋಪಾ ಎಷ್ಟು ಏರಿಸಿದರೂ ವ್ಯತ್ಯಾಸ ಇಲ್ಲ. ಆಪರೇಷನ್ ಮಾಡಿಸಲೇಬೇಕು ಅಂತ ನಾವು ಜಾಗ ಅಡವಿಟ್ಟು ಹಣ ಹೊಂದಿಸಿದ್ದೆವು. ದೊಡ್ಡ ಆಸ್ಪತ್ರೆಯಲ್ಲಿ ಮಾತ್ರೆಯ ಪರೀಕ್ಷೆ ಮಾಡಿದರು. ರಾತ್ರಿಯಿಂದ ಮಾತ್ರೆ ನಿಲ್ಲಿಸಿ, ಬೆಳಿಗ್ಗೆ ಕೈಕಾಲು ಆಡಿಸುವುದನ್ನು ನೋಡಿ ಅಂಕ ಹಾಕಿ, ಮಾತ್ರೆ ಕೊಟ್ಟು ಮತ್ತೆ ಅಂಕ ಹಾಕುವುದು. ತೊಂದರೆ ಜಾಸ್ತಿ ಇದ್ದಷ್ಟೂ ಅಂಕ ಜಾಸ್ತಿ. ಅಂಕ ಹೆಚ್ಚು ಕಡಿಮೆ ಅಲ್ಲೇ ಇತ್ತು. ಇದು ಪಾರ್ಕಿನ್ಸನ್ಸ್ ಅಲ್ಲ, ಅದರ ಹಾಗೆ ಕಾಣುವ ಪಿಎಸ್‌ಪಿ ಅನ್ನುವ ಬೇರೆ ರೋಗ, ಡಿಬಿಎಸ್‌ನಿಂದ ಪ್ರಯೋಜನ ಇಲ್ಲ ಅಂದರು. ಆ ದಿನ ನನ್ನ ಗಂಡನಿಗೆ ಡಾಕ್ಟರ ಮೇಲೆ ತುಂಬಾ ಸಿಟ್ಟು ಬಂದಿತ್ತು. ಈಗ ಅವರನ್ನು ನೆನೆಯದ ದಿನ ಇಲ್ಲ. ಜಾಗ ಬಿಡಿಸಿಕೊಂಡೆವು. ಗಂಜಿಯನ್ನು ದಪ್ಪ ಮಾಡಿ ಉಣಿಸುವುದು, ಗದ್ದ ತಗ್ಗಿಸಿ ನುಂಗುವುದು, ಮನೆಯೊಳಗೆ ಹಿಡಿದುಕೊಳ್ಳಲು ಕಂಬಿ ಇವೆಲ್ಲ ಮಾಡಿಸಿ ಮೂರು ವರ್ಷ ಚೆನ್ನಾಗಿ ನೋಡಿಕೊಂಡೆವು.

ಅಕ್ಕಾ, ನಿಮ್ಮ ಅಪ್ಪನಿಗೆ ಮಾತ್ರೆ ಹಿಡಿದಾಗ ಮೈ ಬಿಡುತ್ತದೆ ಅಂದಿರಿ. ಅದು ಒಳ್ಳೆಯ ಗುರುತು. ಆದರೂ ಪರೀಕ್ಷೆ ಆಗುವವರೆಗೆ ಹಣಕ್ಕೆ ಅಂತ ಏನನ್ನೂ ಮಾರಬೇಡಿ, ಅಡವಿಡಬೇಡಿ.

ಪೆರ್ಲದ ಔಷಧಿ ಅಂಗಡಿ

ನಸುಗುನ್ನಿಯ ಬಗ್ಗೆ ಯಾರೂ ಹೇಳಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಅದನ್ನು ಸುಳ್ಳು ಮದ್ದು ಅನ್ನಲು ಆಗುವುದಿಲ್ಲ. ಆ ಬೀಜದಲ್ಲಿ ಲೆವೊಡೋಪಾ ಇದೆ. ನಮ್ಮ ದೇಶದವರೇ ಆದ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲಿ ಅದನ್ನು ಬೀಜದಿಂದ ಬೇರ್ಪಡಿಸಿ ತೋರಿಸಿದ್ದಾರೆ. ಸಿಂಡೋಪಾದಲ್ಲಿ ಇರುವುದೂ ಅದೇ ಲೆವೊಡೋಪಾ, ಜೊತೆಗೆ ಅದು ದಾರಿಯಲ್ಲಿ ಹಾಳಾಗದಂತೆ ತಡೆಯುವ ಕಾರ್ಬಿಡೋಪಾ. ಅದೇ ಕಾರಣಕ್ಕೆ ಭಯ. ಡಾಕ್ಟರಿಗೆ ಹೇಳದೆ ಪುಡಿ ಕೊಟ್ಟರೆ ಮಾತ್ರೆಯ ಮೇಲೆ ಮಾತ್ರೆ ಕೊಟ್ಟ ಹಾಗೆ. ನಿಮ್ಮ ಅಪ್ಪನಿಗೆ ಈಗಲೇ ಬಳುಕಾಟ ಇದೆ, ಅದು ಹೆಚ್ಚಾಗುತ್ತದೆ. ಒಂದು ಚಮಚದಲ್ಲಿ ಎಷ್ಟು ಲೆವೊಡೋಪಾ ಹೋಯಿತು ಅಂತ ಯಾರಿಗೂ ಲೆಕ್ಕ ಸಿಗುವುದಿಲ್ಲ.

ಮಾತ್ರೆ ಹಿಡಿಯಲು ಮುಕ್ಕಾಲು ಗಂಟೆ ಬೇಕು ಅಂದಿರಿ. ಊಟದ ಜೊತೆ ಕೊಡುತ್ತಿದ್ದೀರಾ? ಹಾಲು, ಮೊಸರು, ಬೇಳೆ, ಮೀನು ಇವುಗಳ ಪ್ರೋಟೀನು ಲೆವೊಡೋಪಾದ ದಾರಿಗೆ ಅಡ್ಡ ಬರುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು ಕೊಟ್ಟು ನೋಡಿ. ಕಬ್ಬಿಣದ ಮಾತ್ರೆ ಇದ್ದರೆ ಅದನ್ನೂ ದೂರ ಇಡಿ. ಮಲಬದ್ಧತೆ ಇದ್ದರೆ ಅದಕ್ಕೆ ಮದ್ದು ಕೇಳಿ, ಹೊಟ್ಟೆ ನಿಧಾನವಾದರೆ ಮಾತ್ರೆಯೂ ನಿಧಾನ.

ಡಿಬಿಎಸ್‌ನಂಥ ದಾರಿಯನ್ನು ಯಾವಾಗ ಯೋಚಿಸಬೇಕು ಅನ್ನುವುದಕ್ಕೆ ಡಾಕ್ಟರುಗಳು 5-2-1 ಅಂತ ಒಂದು ಸುಲಭ ಗುರುತು ಇಟ್ಟುಕೊಂಡಿದ್ದಾರೆ. ದಿನಕ್ಕೆ ಐದು ಅಥವಾ ಹೆಚ್ಚು ಸಲ ಲೆವೊಡೋಪಾ, ಎರಡು ಗಂಟೆ ಅಥವಾ ಹೆಚ್ಚು ಮಾತ್ರೆಯ ಬಲ ಇಳಿದು ಮೈ ಬಿಗಿದ ಹೊತ್ತು, ಒಂದು ಗಂಟೆ ಅಥವಾ ಹೆಚ್ಚು ತೊಂದರೆ ಕೊಡುವ ಬಳುಕಾಟ. ಇದರಲ್ಲಿ ಒಂದಿದ್ದರೂ ತಜ್ಞರಿಗೆ ತೋರಿಸಬೇಕು. ನೀವು ಬರೆದದ್ದರಲ್ಲಿ ಮೂರೂ ಇವೆ. ತಡ ಮಾಡಬೇಡಿ.

ಮುಳ್ಳೇರಿಯದ ಮಗಳು

ಎಲ್ಲರ ಬರಹವನ್ನೂ ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಸುಡುವುದಿಲ್ಲ ಅನ್ನುವ ಭಾಗವನ್ನು ಮತ್ತೊಮ್ಮೆ ಓದು ಅಂದರು. ಅಪ್ಪ ಮಗ್ಗಿಯ ಕಥೆ ಕೇಳಿ, ನನಗೆ ಹತ್ತೊಂಬತ್ತರದ್ದೂ ಬರುತ್ತದೆ ಅಂದರು.

ಬೆಂಗಳೂರಿಗೆ ಹೋಗುವುದು ಅಂತ ತೀರ್ಮಾನ ಮಾಡಿದೆವು. ಕಣ್ಣೂರಿನಿಂದ ಬರುವ ರಾತ್ರಿ ರೈಲು ಕಾಸರಗೋಡಿನಲ್ಲಿ ಸಿಗುತ್ತದೆ, ಅಣ್ಣ ಬೆಂಗಳೂರಿನಲ್ಲೇ ಕೆಲಸದಲ್ಲಿದ್ದಾನೆ. ಮೊದಲು ಮಾತ್ರೆಯ ಪರೀಕ್ಷೆ. ಮಾಷ್ಟ್ರೇ, ಆ ರಾತ್ರಿಯ ಬಗ್ಗೆ ಹೇಳಿ. ಅಪ್ಪ ಎಂಟು ಗಂಟೆಯ ಮಾತ್ರೆ ಸ್ವಲ್ಪ ತಡವಾದರೂ ಒದ್ದಾಡುತ್ತಾರೆ. ಮಾತ್ರೆ ಇಲ್ಲದೆ ಹನ್ನೆರಡು ಗಂಟೆ ಹೊತ್ತು ಹೇಗೆ ಕಳೆಯುವುದು?

ಕುಂಬಳೆ ಮಾಷ್ಟ್ರು

ಕಷ್ಟದ ರಾತ್ರಿಯೇ ತಂಗಿ, ಆದರೆ ಒಂದೇ ರಾತ್ರಿ. ಸಂಜೆಯ ಕೊನೆಯ ಮಾತ್ರೆ ಎಷ್ಟು ಗಂಟೆಗೆ ಅಂತ ಅವರಿಂದ ಬರೆಸಿಕೊಳ್ಳಿ, ನೀವಾಗಿ ನಿಲ್ಲಿಸಬೇಡಿ. ಪ್ರಯಾಣದ ರಾತ್ರಿ ಖಂಡಿತ ಬೇಡ. ಒಂದು ದಿನ ಮೊದಲೇ ಹೋಗಿ, ಅಣ್ಣನ ಮನೆಯಲ್ಲಿ ನಿದ್ದೆ ಮಾಡಿಸಿ, ಆಮೇಲೆ ಪರೀಕ್ಷೆಯ ರಾತ್ರಿ. ಹಾಸಿಗೆಯ ಮೇಲೆ ಜಾರುವ ಬಟ್ಟೆ ಹಾಸಿದರೆ ತಿರುಗಿಸುವುದು ಸುಲಭ, ನನ್ನ ಹೆಂಡತಿ ಹಳೆಯ ರೇಷ್ಮೆ ಸೀರೆ ಹಾಸುತ್ತಿದ್ದಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಕಾಲಿನ ಮೀನಖಂಡ ತಿಕ್ಕಿ. ಬಾತ್‌ರೂಮಿಗೆ ಒಬ್ಬರನ್ನೇ ಕಳಿಸಬೇಡಿ. ಬೆಳಗಿನ ಮಾತ್ರೆಗಳನ್ನೆಲ್ಲ ನೀವೇ ಹಿಡಿದುಕೊಂಡು ಹೋಗಿ.

ಬೆಳಿಗ್ಗೆ ಬೆರಳು ಬಡಿಸುತ್ತಾರೆ, ಮುಷ್ಟಿ ಬಿಚ್ಚಿಸುತ್ತಾರೆ, ಹಿಮ್ಮಡಿ ಕುಟ್ಟಿಸುತ್ತಾರೆ, ಕೈ ಕಟ್ಟಿ ಕುರ್ಚಿಯಿಂದ ಏಳಿಸುತ್ತಾರೆ, ಹಿಂದಿನಿಂದ ಹೆಗಲು ಎಳೆದು ನೋಡುತ್ತಾರೆ. ಅಪ್ಪನಿಗೆ ನಾಚಿಕೆ ಅನಿಸಬಹುದು. ಚೆನ್ನಾಗಿ ಮಾಡಿ ತೋರಿಸಬೇಕು ಅಂತ ಕಷ್ಟಪಡಬಾರದು ಅಂತ ಮೊದಲೇ ಹೇಳಿ. ಆ ಹೊತ್ತಿಗೆ ಇರುವ ಹಾಗೆ ಕಂಡರೇ ಒಳ್ಳೆಯದು. ಮಾತ್ರೆಗೆ ಮೂರನೇ ಒಂದು ಭಾಗದಷ್ಟಾದರೂ ಅಂಕ ಇಳಿಯಬೇಕು ಅಂತ ನೋಡುತ್ತಾರೆ. ಅಂಕ ಇಳಿದಷ್ಟೂ ಒಳ್ಳೆಯದು.

ಇನ್ನೊಂದು, ಆಪರೇಷನ್ ಆದ ಮೇಲಿನ ಮಾತು, ಈಗಲೇ ಬರೆದಿಡಿ. ನನಗೆ ಭುಜ ನೋವು ಅಂತ ಒಂದು ಕಡೆ ಫಿಸಿಯೋಥೆರಪಿಗೆ ಹೋಗಿದ್ದೆ. ಶಾಖ ಕೊಡುವ ಡಯಾಥರ್ಮಿ ಯಂತ್ರ ಹಚ್ಚಲು ಹೊರಟಿದ್ದರು. ಡಿಬಿಎಸ್ ಹಾಕಿದೆ ಅಂತ ಬರೆದ ಕಾರ್ಡ್ ಕಿಸೆಯಿಂದ ತೆಗೆದು ತೋರಿಸಿದೆ, ನಿಲ್ಲಿಸಿದರು. ಡಿಬಿಎಸ್ ಇದ್ದವರಿಗೆ ಡಯಾಥರ್ಮಿ ಮೈಯ ಯಾವ ಭಾಗಕ್ಕೂ ಕೂಡದು. ತಂತಿಯ ತುದಿ ಬಿಸಿಯಾಗಿ ಮಿದುಳಿಗೆ ಪೆಟ್ಟಾಗುತ್ತದೆ. ಎಂಆರ್‌ಐ ಕೂಡ ಸಾಧನ ಹಾಕಿದ ಡಾಕ್ಟರನ್ನು ಕೇಳದೆ ಬೇಡ. ಆ ಕಾರ್ಡ್ ಅಪ್ಪನ ಕಿಸೆಯಲ್ಲಿ ಯಾವಾಗಲೂ ಇರಲಿ.

ಪರೀಕ್ಷೆಗೆ ಹೋಗುವಾಗ ಆ ಲೆಕ್ಕದ ಪುಸ್ತಕ ತೆಗೆದುಕೊಂಡು ಹೋಗಿ. ಮಾತ್ರೆಗೆ ಮೊದಲು ಒಂದು ಸಾಲು, ಮಾತ್ರೆ ಹಿಡಿದ ಮೇಲೆ ಅದೇ ಸಾಲು, ಒಂದರ ಕೆಳಗೆ ಒಂದು ಬರೆಸಿ.

ಮುಳ್ಳೇರಿಯದ ಮಗಳು

ಪರೀಕ್ಷೆ ಆಯಿತು. ಸೀರೆ ಹಾಸಿದ್ದೆವು, ತುಂಬಾ ಉಪಯೋಗ ಆಯಿತು. ಬೆಳಿಗ್ಗೆ ಅಪ್ಪನನ್ನು ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋದೆವು. ಮಾತ್ರೆಗೆ ಮೊದಲು ಅಂಕ 48. ಮಾತ್ರೆ ಕೊಟ್ಟು ಒಂದು ಗಂಟೆ ಆದ ಮೇಲೆ 21. ಹೆಗಲು ಎಳೆದಾಗ ಎರಡು ಹೆಜ್ಜೆ ಹಿಂದೆ ಹೋದರು, ಆದರೆ ಬೀಳಲಿಲ್ಲ.

ಪುಸ್ತಕದಲ್ಲಿ ಬರೆಸಿದೆ. "ಚಾಲಿ 42 ಕಿಲೋ, ಸುಲಿದ ಕೂಲಿ ಕೊಟ್ಟದ್ದು" ಅಂತ ಸಾಲು. ಚಾಲಿ ಅಂದರೆ ಒಣಗಿಸಿದ ಅಡಿಕೆ. ಮೊದಲ ಸಲ ಚಾಲಿ ಅನ್ನುವುದು ಓದಬಹುದಿತ್ತು, 42 ಅನ್ನುವುದು ಎರಡು ಚುಕ್ಕೆಯ ಹಾಗೆ, ಅಲ್ಲಿಗೆ ಪೆನ್ನು ನಿಂತಿತು. ಎರಡನೇ ಸಲ ಸಾಲು ಪುಟದ ಬಲತುದಿಯವರೆಗೆ ಹೋಯಿತು. "ಕೊಟ್ಟದ್ದು" ಅನ್ನುವುದರ ಒತ್ತಕ್ಷರ ಕೂಡ ಸರಿ ಇತ್ತು. ಡಾಕ್ಟರು ಫೋಟೋ ತೆಗೆದು ಫೈಲಿಗೆ ಸೇರಿಸಿದರು.

ನೆನಪಿನ ಪರೀಕ್ಷೆ ಮತ್ತು ಎಂಆರ್‌ಐ ಮುಂದಿನ ತಿಂಗಳು. ಕನ್ನಡದಲ್ಲೇ ಮಾಡುತ್ತಾರಂತೆ, ಕೇಳಿಕೊಂಡು ಬಂದೆ. ಈ ಸಲ ಅಮ್ಮನೂ ಬರುತ್ತಾರೆ. ಟಿಕೆಟ್ ಮೂರು ತೆಗೆದಿದ್ದೇನೆ.